ಸುಸ್ತು ಒಂದು, ಕಾಯಿಲೆ ಎರಡು

ಚಿಂತೆಗೂ ಚಿತೆಗೂ ನಡುವೆ ಇರುವುದು ಒಂದೇ ಸೊನ್ನೆ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದ್ದವರನ್ನೇ ಸುಡುತ್ತದೆಯಂತೆ. ಕನ್ನಡಿಗರು ಧೈರ್ಯಕ್ಕೆ ಎದೆಗಾರಿಕೆ ಎಂದರು, ಧೈರ್ಯಗೆಟ್ಟರೆ ಎದೆಗುಂದುವುದು ಎಂದರು, ದುಃಖ ಹೆಚ್ಚಾದರೆ ಎದೆ ಭಾರವಾಯಿತು ಎಂದರು, ತಡೆಯಲಾಗದ ಸುದ್ದಿ ಕೇಳಿದವನು ಎದೆ ಒಡೆದುಕೊಂಡ ಎಂದರು. ಮನಸ್ಸಿನ ಹೊರೆಯನ್ನೆಲ್ಲ ಎದೆಯ ಮೇಲೆ ಹೊರಿಸುವ ಈ ಮಾತುಗಳು ಬರೀ ಅಲಂಕಾರವೇ? ಅಥವಾ ಇವುಗಳಲ್ಲಿ ನಿಜವೂ ಇದೆಯೇ?

ದೇಹದಲ್ಲಿ ರಕ್ತ ಹೇಗೆ ಸುತ್ತುತ್ತದೆ ಎಂಬುದನ್ನು ಲೋಕಕ್ಕೆ ತಿಳಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ, 1628ರ ತನ್ನ ಗ್ರಂಥದಲ್ಲಿಯೇ ಮನಸ್ಸಿನ ನೋವು, ನಲಿವು, ಭಯಗಳ ಪ್ರಭಾವ ಹೃದಯದವರೆಗೂ ಹೋಗುತ್ತದೆ ಎಂದು ಬರೆದಿದ್ದ. ಆದರೆ ಎಷ್ಟು ಪ್ರಭಾವ, ಯಾವ ದಾರಿಯಿಂದ ಎಂಬುದನ್ನು ಲೆಕ್ಕ ಹಾಕಿ ನೋಡುವ ಕೆಲಸ ಜೋರಾಗಿ ನಡೆದದ್ದು ಕಳೆದ ಮೂರು ದಶಕಗಳಲ್ಲಿ. ಆ ಲೆಕ್ಕ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಮನೆಗಳಿಗೂ ಸಂಬಂಧಿಸಿದ್ದು. ಏಕೆಂದರೆ ಹಾನಗಲ್ಲಿನ ಭತ್ತದ ಗದ್ದೆಯವರಾಗಲಿ, ಹಿರೇಕೆರೂರಿನ ಗೋವಿನಜೋಳದವರಾಗಲಿ, ಸವಣೂರಿನ ಎಲೆತೋಟದವರಾಗಲಿ, ಶಿಗ್ಗಾವಿಯ ಹತ್ತಿ ಬೆಳೆಯುವವರಾಗಲಿ, ಐವತ್ತು ದಾಟಿದ ಮೇಲೆ ವೈದ್ಯರ ಮುಂದೆ ಕುಳಿತು ಹೇಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: "ಬಾಳ ಸುಸ್ತ್ರೀ, ಮೈಯಾಗ ಶಕ್ತಿನೇ ಇಲ್ಲ."

ಈ ಸುಸ್ತು ರಕ್ತಹೀನತೆಯಿಂದ ಬಂದಿರಬಹುದು, ಥೈರಾಯ್ಡ್ ಗ್ರಂಥಿಯ ದೋಷದಿಂದ ಬಂದಿರಬಹುದು, ಸಕ್ಕರೆ ಕಾಯಿಲೆಯಿಂದಲೂ ಬಂದಿರಬಹುದು. ಸೋಲುತ್ತಿರುವ ಹೃದಯದ ಸೂಚನೆಯಾಗಿರಬಹುದು. ಖಿನ್ನತೆಯೂ ಆಗಿರಬಹುದು. ಕೊನೆಯ ಎರಡೂ ಒಟ್ಟಿಗೇ ಇದ್ದರೆ ಒಂದರ ಮರೆಯಲ್ಲಿ ಇನ್ನೊಂದು ಅಡಗಿ ಕೂರುತ್ತದೆ. ತೊಡಕು ಇರುವುದೇ ಇಲ್ಲಿ.

ಹೃದಯ ಸೋಲುವುದೆಂದರೆ

ಹೃದಯ ಒಂದು ಪಂಪು. ನಿಮಿಷಕ್ಕೆ 72 ಸಲ ಬಡಿಯುತ್ತದೆ ಎಂದುಕೊಂಡರೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಬಡಿತ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಹೊರಬರುತ್ತದೆ. ಗುಣಿಸಿ ನೋಡಿದರೆ ನಿಮಿಷಕ್ಕೆ 5 ಲೀಟರ್, ದಿನಕ್ಕೆ 7,200 ಲೀಟರ್ ಆಯಿತು. 200 ಲೀಟರ್ ಹಿಡಿಯುವ ಬ್ಯಾರಲ್‌ಗಳಲ್ಲಿ ತುಂಬಿದರೆ 36 ಬ್ಯಾರಲ್! ಸುಮಾರು 300 ಗ್ರಾಂ ತೂಗುವ ಒಂದು ಮಾಂಸದ ಮುದ್ದೆ ಹುಟ್ಟುವ ಮೊದಲಿನಿಂದ ಸಾಯುವವರೆಗೆ ಒಂದು ದಿನವೂ ರಜೆ ತೆಗೆದುಕೊಳ್ಳದೆ ಮಾಡುವ ಕೆಲಸ ಇದು.

ಹೃದಯಾಘಾತ ಮತ್ತು ಹೃದಯ ವೈಫಲ್ಯ ಒಂದೇ ಎಂದು ಹಲವರು ತಿಳಿದಿದ್ದಾರೆ. ಅವು ಬೇರೆ ಬೇರೆ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ನಾಳ ಫಕ್ಕನೆ ಕಟ್ಟಿಕೊಳ್ಳುವುದು. ಹೃದಯ ವೈಫಲ್ಯವೆಂದರೆ ಪಂಪು ದುರ್ಬಲವಾಗುವುದು, ಇಲ್ಲವೆ ಬಿಗಿದುಕೊಂಡು ಸರಿಯಾಗಿ ತುಂಬಿಕೊಳ್ಳದಿರುವುದು. ಹಳೆಯ ಪಂಪ್‌ಸೆಟ್ ಇದ್ದಂತೆ: ನೀರು ಎತ್ತುವುದೇನೋ ಎತ್ತುತ್ತದೆ, ಆದರೆ ಹೊಲದ ಕೊನೆಯ ಸಾಲಿಗೆ ಮುಟ್ಟುವುದಿಲ್ಲ. ಇದು ಬಹಳ ಸಲ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲಗೆ ಬೆಳೆಯುತ್ತದೆ. ಹಿಂದೆ ಆಗಿಹೋದ ಹೃದಯಾಘಾತ, ಬಹುಕಾಲದ ಬಿಪಿ, ಸಕ್ಕರೆ ಕಾಯಿಲೆ, ಕವಾಟಗಳ ದೋಷ, ಅತಿಯಾದ ಕುಡಿತ ಇದರ ಮುಖ್ಯ ಕಾರಣಗಳು.

ಲಕ್ಷಣಗಳನ್ನು ಮನೆಯಲ್ಲೇ ಗುರುತಿಸಬಹುದು. ನಾಲ್ಕು ಹೆಜ್ಜೆ ನಡೆದರೆ ದಮ್ಮು. ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗಿ ತಲೆಗೆ ಎರಡು ದಿಂಬು ಬೇಕಾಗುವುದು. ನಡುರಾತ್ರಿ ಏದುಸಿರಿನಿಂದ ಎದ್ದು ಕೂರುವುದು. ಸಂಜೆಗೆ ಪಾದ ಊದಿಕೊಂಡು, ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ನಿಧಾನವಾಗಿ ತುಂಬುವುದು. ಊಟ ಹೆಚ್ಚಾಗದಿದ್ದರೂ ಎರಡು ಮೂರು ದಿನಗಳಲ್ಲಿ ತೂಕ ಎರಡು ಕೆ.ಜಿ. ಏರುವುದು. ಆ ತೂಕ ಕೊಬ್ಬಿನದಲ್ಲ, ದೇಹದಲ್ಲಿ ನಿಂತ ನೀರಿನದು.

ಇದು ಹಗುರವಾಗಿ ತೆಗೆದುಕೊಳ್ಳುವ ಕಾಯಿಲೆಯಲ್ಲ. 2013ರಲ್ಲಿ ಕೇರಳದ ತಿರುವನಂತಪುರ ಜಿಲ್ಲೆಯ ಆಸ್ಪತ್ರೆಗಳಿಗೆ ಹೃದಯ ವೈಫಲ್ಯದಿಂದ ದಾಖಲಾದ 1,205 ಜನರ ವಿವರಗಳನ್ನು ಅಲ್ಲಿನ ವೈದ್ಯರು ಕಲೆಹಾಕಿದರು. ಅವರ ಸರಾಸರಿ ವಯಸ್ಸು 61. ಮೂರು ವರ್ಷಗಳು ಕಳೆಯುವುದರೊಳಗೆ ಅವರಲ್ಲಿ ನೂರಕ್ಕೆ ಸುಮಾರು 45 ಮಂದಿ ಉಳಿಯಲಿಲ್ಲ.

ಬೇಸರ ಬೇರೆ, ಖಿನ್ನತೆ ಬೇರೆ

ಮಳೆ ಕೈಕೊಟ್ಟರೆ, ಬೆಳೆಗೆ ಬೆಲೆ ಬಾರದಿದ್ದರೆ, ಮನೆಯಲ್ಲಿ ಸಾವಾದರೆ ಬೇಸರವಾಗದ ಮನುಷ್ಯನಿಲ್ಲ. ಆ ಬೇಸರ ಸಹಜ. ಜಾತ್ರೆ ಬಂದಾಗ, ಮೊಮ್ಮಗು ಮಡಿಲಿಗೆ ಬಂದಾಗ ಅದು ಸ್ವಲ್ಪ ಹೊತ್ತಾದರೂ ಹಿಂದೆ ಸರಿಯುತ್ತದೆ. ಖಿನ್ನತೆ ಹಾಗೆ ಸರಿಯುವುದಿಲ್ಲ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಮನಸ್ಸು ಕುಗ್ಗಿರುವುದು ಅಥವಾ ಮೊದಲು ಇಷ್ಟವಾಗಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಅದರ ಮುಖ್ಯ ಗುರುತು. ಜೊತೆಗೆ ನಿದ್ದೆ, ಹಸಿವುಗಳಲ್ಲಿ ಏರುಪೇರು, ನಿಶ್ಶಕ್ತಿ, ಗಮನ ನಿಲ್ಲದಿರುವುದು, ತಾನು ಯಾರಿಗೂ ಬೇಡವಾದವನೆಂಬ ಭಾವನೆ, ಬದುಕೇ ಬೇಡವೆಂಬ ಯೋಚನೆ ಇರಬಹುದು.

ನಮ್ಮ ಕಡೆ "ನನಗೆ ಖಿನ್ನತೆಯಾಗಿದೆ" ಎಂದು ಹೇಳುವವರು ಅಪರೂಪ. ಮನಸ್ಸಿನ ನೋವು ಮೈಯ ಮಾತಿನಲ್ಲಿ ಹೊರಬರುತ್ತದೆ: ಸುಸ್ತು, ಮೈಕೈ ನೋವು, ತಲೆಭಾರ, ಎದೆಯಲ್ಲಿ ಏನೋ ಇಟ್ಟಂತೆ, "ಯಾವುದಕ್ಕೂ ಮನಸ್ಸ ಬರವಲ್ದು." ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಬದುಕಿನ ಯಾವುದೋ ಒಂದು ಹಂತದಲ್ಲಿ ಖಿನ್ನತೆ ಅನುಭವಿಸಿದ್ದಾರೆ. ಖಿನ್ನತೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಲೆಕ್ಕ ಏನು ಹೇಳುತ್ತದೆ?

ನಾರ್ವೆ ದೇಶದ ಒಂದು ಪ್ರಾಂತ್ಯದಲ್ಲಿ 1995ರಿಂದ 1997ರವರೆಗೆ 62,567 ಜನರ ಆರೋಗ್ಯ ತಪಾಸಣೆ ನಡೆಯಿತು. ತೂಕ, ಬಿಪಿ, ಧೂಮಪಾನ, ವ್ಯಾಯಾಮಗಳ ಜೊತೆಗೆ ಅವರ ಮನಸ್ಸಿನ ಸ್ಥಿತಿಯನ್ನೂ ಪ್ರಶ್ನೆಗಳ ಮೂಲಕ ಅಳೆದು ಅಂಕ ಕೊಡಲಾಯಿತು. ಮುಂದಿನ 11 ವರ್ಷಗಳಲ್ಲಿ ಅವರಲ್ಲಿ ಸುಮಾರು 1,500 ಮಂದಿಗೆ ಹೃದಯ ವೈಫಲ್ಯ ಕಾಣಿಸಿಕೊಂಡಿತು. 2014ರಲ್ಲಿ ಹೊರಬಂದ ಫಲಿತಾಂಶ ಇದು: ಖಿನ್ನತೆಯ ಲಕ್ಷಣ ಅಲ್ಪವಾಗಿದ್ದವರಲ್ಲಿ ಅಪಾಯ ಶೇ. 5ರಷ್ಟು, ಹೆಚ್ಚಾಗಿದ್ದವರಲ್ಲಿ ಶೇ. 40ರಷ್ಟು ಅಧಿಕ. 2025ರಲ್ಲಿ ಅಮೆರಿಕದ 28 ಲಕ್ಷ ಮಾಜಿ ಸೈನಿಕರ ದಾಖಲೆಗಳನ್ನು ನೋಡಿದ ಇನ್ನೊಂದು ಅಧ್ಯಯನದಲ್ಲಿ, ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನಗಳ ಪಾಲನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಖಿನ್ನತೆ ಇದ್ದವರಿಗೆ ಶೇ. 14ರಷ್ಟು ಹೆಚ್ಚಿನ ಅಪಾಯ ಕಂಡುಬಂತು.

ಶೇ. 40 ಎಂಬ ಅಂಕಿ ಕಂಡು ಗಾಬರಿಯಾಗುವ ಮೊದಲು ಒಂದು ಸಣ್ಣ ಲೆಕ್ಕ ಮಾಡಬೇಕು. ನಾರ್ವೆಯಲ್ಲಿ 62,567 ಜನರಲ್ಲಿ 1,500 ಎಂದರೆ ಸಾವಿರಕ್ಕೆ ಸುಮಾರು 24. ಇದರ ಮೇಲೆ ಶೇ. 40 ಹೆಚ್ಚಿಸಿದರೆ ಸುಮಾರು 34. ಅಂದರೆ ಸಾವಿರ ಜನರಲ್ಲಿ, ಹನ್ನೊಂದು ವರ್ಷಗಳಲ್ಲಿ, ಹತ್ತು ಮಂದಿ ಹೆಚ್ಚು. ಖಿನ್ನತೆ ಬಂದವರಿಗೆಲ್ಲ ಹೃದಯ ಸೋಲುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಒಂದು ತಾಲ್ಲೂಕಿನ ಲಕ್ಷಾಂತರ ಜನರ ಲೆಕ್ಕ ಹಿಡಿದರೆ ಈ ಹೆಚ್ಚಳ ಸಣ್ಣದೂ ಅಲ್ಲ.

ವಿದ್ಯಾರ್ಥಿಗಳು ಇನ್ನೂ ಒಂದು ಮಾತು ಗಮನಿಸಬೇಕು. ಕಪ್ಪೆ ವಟಗುಟ್ಟಿದ ಮೇಲೆ ಮಳೆ ಬರುತ್ತದೆ. ಹಾಗೆಂದು ಕಪ್ಪೆಯೇ ಮಳೆ ತರಿಸಿತು ಎನ್ನಲಾಗದು. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಕಾರಣ, ಇನ್ನೊಂದು ಪರಿಣಾಮ ಆಗುವುದಿಲ್ಲ. ಖಿನ್ನತೆಯಿಂದ ಹೃದಯಕ್ಕೆ ದಾರಿ ಇದೆಯೇ ಎಂದು ಬೇರೆಯಾಗಿಯೇ ನೋಡಬೇಕು. ಅಂಥ ದಾರಿಗಳು ನಾಲ್ಕು ಕಂಡಿವೆ.

ಮನಸ್ಸಿನಿಂದ ಎದೆಗೆ ನಾಲ್ಕು ದಾರಿ

ಮೊದಲನೆಯದು ಹಾರ್ಮೋನುಗಳ ದಾರಿ. ಹಾವು ಎದುರಾದಾಗ ಅಡ್ರಿನಲಿನ್ ಉಕ್ಕಿ ಎದೆ ಬಡಿತ ಏರುತ್ತದೆ, ಬಿಪಿ ಏರುತ್ತದೆ. ಹಾವು ಹೋದ ಮೇಲೆ ಎಲ್ಲವೂ ಇಳಿಯುತ್ತದೆ. ಖಿನ್ನತೆ ಇದ್ದ ಹಲವರಲ್ಲಿ ಈ ವ್ಯವಸ್ಥೆ ಪೂರ್ತಿ ಇಳಿಯುವುದೇ ಇಲ್ಲ. ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನೂ ಮೇಲ್ಮಟ್ಟದಲ್ಲೇ ಉಳಿಯಬಹುದು. ಹಾವಿಲ್ಲದಿದ್ದರೂ ದೇಹ ಹಾವಿನ ಮುಂದೆಯೇ ನಿಂತಿರುತ್ತದೆ. ಹೃದಯದ ವೇಗವನ್ನು ತಗ್ಗಿಸುವ ವೇಗಸ್ ಎಂಬ ನರದ ಹಿಡಿತವೂ ಸಡಿಲಾಗುತ್ತದೆ.

ಎರಡನೆಯದು ಉರಿಯೂತ. ಗಾಯವಾದಾಗ ಆ ಜಾಗ ಕೆಂಪಾಗಿ ಬಿಸಿಯಾಗುವುದು ಎಲ್ಲರಿಗೂ ಗೊತ್ತು. ಖಿನ್ನತೆ ಇದ್ದವರ ರಕ್ತದಲ್ಲಿ, ಯಾವ ಗಾಯವಿಲ್ಲದಿದ್ದರೂ, ಇಂಥ ಉರಿಯೂತ ಸೂಚಿಸುವ ವಸ್ತುಗಳು ಸರಾಸರಿಯಲ್ಲಿ ಸ್ವಲ್ಪ ಹೆಚ್ಚಿರುತ್ತವೆ. ಬೂದಿ ಮುಚ್ಚಿದ ಕೆಂಡದಂತಿರುವ ಈ ಉರಿಯೂತ ರಕ್ತನಾಳಗಳ ಒಳಪದರವನ್ನೂ ಹೃದಯದ ಸ್ನಾಯುವನ್ನೂ ಕೆಡಿಸಬಲ್ಲದು.

ಮೂರನೆಯದು ರಕ್ತದ ಅಂಟುಗುಣ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಖಿನ್ನತೆಯಲ್ಲಿ ಹೆಚ್ಚು ಚುರುಕಾಗಿ ಒಂದಕ್ಕೊಂದು ಅಂಟಿಕೊಳ್ಳುವುದು ಹಲವು ಪರೀಕ್ಷೆಗಳಲ್ಲಿ ಕಂಡಿದೆ. ನಾಳ ಕಟ್ಟಿಕೊಂಡರೆ ಹೃದಯಾಘಾತ, ಆಘಾತದಿಂದ ಸ್ನಾಯು ಸತ್ತರೆ ಮುಂದೆ ವೈಫಲ್ಯ.

ನಾಲ್ಕನೆಯದು ದಿನಚರಿ. ಇದೇ ಬಹುಶಃ ಎಲ್ಲಕ್ಕಿಂತ ಅಗಲವಾದ ದಾರಿ, ಮನೆಯವರ ಕಣ್ಣಿಗೆ ಕಾಣುವ ದಾರಿಯೂ ಹೌದು. ಮನಸ್ಸು ಸೋತವನಿಗೆ ನಡೆಯಲು ಹೊರಡುವುದೇ ಬೆಟ್ಟ ಹತ್ತಿದಂತೆ. ಬೀಡಿ, ಗುಟ್ಕಾ, ಸಾರಾಯಿ ಹತ್ತಿರವಾಗುತ್ತವೆ. ಬಿಪಿ ಗುಳಿಗೆ ತೀರಿದರೂ ಮತ್ತೆ ತರಿಸುವುದಿಲ್ಲ. "ತಗೊಂಡು ಏನ್ ಮಾಡೋದೈತಿ" ಎಂಬ ಒಂದು ಮಾತಿನಲ್ಲಿ ಎರಡೂ ಕಾಯಿಲೆಗಳು ಕೈ ಕೈ ಹಿಡಿದುಕೊಂಡಿರುತ್ತವೆ.

ದುಃಖ ಒಂದೇ ಏಟಿಗೆ ಎದೆಗೆ ತಾಗುವುದೂ ಉಂಟು. 1990ರಲ್ಲಿ ಜಪಾನಿನ ವೈದ್ಯ ಹಿಕಾರು ಸಾಟೋ ಮತ್ತು ಸಂಗಡಿಗರು ಇಂಥದೊಂದು ಸ್ಥಿತಿಯನ್ನು ವಿವರಿಸಿದರು. ದೊಡ್ಡ ಆಘಾತದ ಸುದ್ದಿ ಕೇಳಿದ ಕೆಲವರಲ್ಲಿ ಹೃದಯದ ಎಡಭಾಗದ ತುದಿ ಬಲೂನಿನಂತೆ ಉಬ್ಬಿ ದುರ್ಬಲವಾಗುತ್ತದೆ. ಆಕಾರ ಅಲ್ಲಿನ ಮೀನುಗಾರರು ಅಷ್ಟಪಾದಿ ಹಿಡಿಯುವ ಮಡಕೆಯಂತೆ ಕಂಡದ್ದರಿಂದ ಅದಕ್ಕೆ 'ಟಾಕೋತ್ಸುಬೋ' ಎಂಬ ಹೆಸರು ಬಂತು. ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಹೃದಯ ಮತ್ತೆ ಸರಿಹೋಗುತ್ತದೆ. ಎದೆ ಒಡೆದುಕೊಂಡ ಎಂಬ ಮಾತು ಬರೀ ಅಲಂಕಾರವಲ್ಲ ಎಂದಾಯಿತು.

ಎದೆಯಿಂದ ಮನಸ್ಸಿಗೆ ಮರುದಾರಿ

ದಾರಿ ಒಮ್ಮುಖವಲ್ಲ. ಐವತ್ತೈದು ವಯಸ್ಸಿನ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಹೃದಯ ದುರ್ಬಲವಾಗಿ ಹೊಲಕ್ಕೆ ಹೋಗುವುದು ನಿಂತಿದೆ. ರಾತ್ರಿ ನಿದ್ದೆ ಇಲ್ಲ. ನಾಲ್ಕು ಜನರ ಕೆಲಸ ಒಬ್ಬನೇ ಮಾಡುತ್ತಿದ್ದವನು ಕಟ್ಟೆಯ ಮೇಲೆ ಕುಳಿತು ಮಕ್ಕಳ ಕೈ ನೋಡಬೇಕಾಗಿದೆ. ಮನಸ್ಸು ಕುಗ್ಗದೆ ಇರುತ್ತದೆಯೇ? 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೃದಯ ವೈಫಲ್ಯ ಇದ್ದವರಲ್ಲಿ ಐದಕ್ಕೆ ಒಬ್ಬರಿಗೆ ಖಿನ್ನತೆ ಇರುವುದು ಕಂಡುಬಂತು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನ್ಯಾನ್ಸಿ ಫ್ರೇಶರ್-ಸ್ಮಿತ್ ಮತ್ತು ಸಂಗಡಿಗರು ಹೃದಯಾಘಾತವಾದ 222 ಮಂದಿಯನ್ನು ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದ ವರದಿ ವೈದ್ಯಲೋಕದ ಕಣ್ಣು ತೆರೆಸಿತ್ತು. ಖಿನ್ನತೆ ಇದ್ದವರಲ್ಲಿ ಆರು ತಿಂಗಳೊಳಗೆ ತೀರಿಕೊಂಡವರ ಪ್ರಮಾಣ ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು.

ಇಂಥ ರೈತನಿಗೆ ಹೃದಯದ ಔಷಧಿ ಮಾತ್ರ ಕೊಟ್ಟರೆ ಆತ ಅದನ್ನು ನುಂಗದೆ ಇಡಬಹುದು. "ಮನಸ್ಸಿಗೆ ಹಚ್ಚಿಕೊಂಡಾನ, ಅದಕ್ಕ ಸುಸ್ತು" ಎಂದು ಮನೆಯವರು ಸುಮ್ಮನಾದರೆ ಊದಿದ ಕಾಲನ್ನು ಯಾರೂ ನೋಡುವುದಿಲ್ಲ. ಎರಡರಲ್ಲಿ ಯಾವುದನ್ನು ಬಿಟ್ಟರೂ ಅಪಾಯ.

ಚಿಕಿತ್ಸೆಯಿಂದ ಏನಾಗುತ್ತದೆ?

ಖಿನ್ನತೆಯ ಗುಳಿಗೆ ಕೊಟ್ಟರೆ ಹೃದಯವೂ ಸುಧಾರಿಸುವುದೇ? 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಹೃದಯ ವೈಫಲ್ಯವೂ ಖಿನ್ನತೆಯೂ ಇದ್ದ 469 ಜನರಲ್ಲಿ ಒಂದು ಗುಂಪಿಗೆ ಸರ್ಟ್ರಾಲಿನ್ ಗುಳಿಗೆ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟರು. ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಬರಲಿಲ್ಲ. ಆದರೆ ಎರಡೂ ಗುಂಪುಗಳಲ್ಲಿ ಖಿನ್ನತೆ ಇಳಿದಿತ್ತು, ಮತ್ತು ಎರಡೂ ಗುಂಪಿನವರನ್ನು ದಾದಿಯರು ಮಾತನಾಡಿಸಿ ವಿಚಾರಿಸಿಕೊಳ್ಳುತ್ತಿದ್ದರು ಎಂಬುದು ಯೋಚಿಸಬೇಕಾದ ಸಂಗತಿ. 2,300ಕ್ಕೂ ಹೆಚ್ಚು ಹೃದಯ ವೈಫಲ್ಯದ ರೋಗಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ, ವೈದ್ಯರ ನಿಗಾದಲ್ಲಿ ಮಾಡಿದ ವ್ಯಾಯಾಮ ಖಿನ್ನತೆಯ ಲಕ್ಷಣಗಳನ್ನು ಸ್ವಲ್ಪ ತಗ್ಗಿಸಿತು (2012). ಯೋಚನೆಯ ಧಾಟಿಯನ್ನು ತಿದ್ದುವ ಮಾತಿನ ಚಿಕಿತ್ಸೆಯಿಂದಲೂ ಇಂಥ ರೋಗಿಗಳ ಖಿನ್ನತೆ ಇಳಿಯಿತು (2015). ದಕ್ಷಿಣ ಕೊರಿಯಾದಲ್ಲಿ ಹೃದಯಾಘಾತದಂಥ ತೊಂದರೆಯೊಂದಿಗೆ ಖಿನ್ನತೆಯೂ ಇದ್ದ 300 ಜನರ ಮೇಲಿನ ಪ್ರಯೋಗದಲ್ಲಂತೂ, 24 ವಾರ ಖಿನ್ನತೆಯ ಗುಳಿಗೆ ತೆಗೆದುಕೊಂಡವರಿಗೆ ಮುಂದಿನ ವರ್ಷಗಳಲ್ಲಿ ಹೃದಯದ ತೊಂದರೆಗಳು ಕಡಿಮೆಯಾದವು (2018).

ಗುಳಿಗೆಯೊಂದರಿಂದಲೇ ಎಲ್ಲವೂ ಆಗದು, ಆದರೆ ಖಿನ್ನತೆ ಗುಣವಾಗುವ ಕಾಯಿಲೆ ಎಂಬುದು ಇವೆಲ್ಲದರ ಸಾರ. ತೀವ್ರ ಖಿನ್ನತೆಗೆ ಗುಳಿಗೆ ಬೇಕೇ ಬೇಕಾಗಬಹುದು. ಹಳೆಯ ಕಾಲದ ಕೆಲವು ಖಿನ್ನತೆಯ ಔಷಧಿಗಳು ದುರ್ಬಲ ಹೃದಯಕ್ಕೆ ಒಗ್ಗುವುದಿಲ್ಲವಾದ್ದರಿಂದ, ಮನೋವೈದ್ಯರಿಗೆ ಹೃದಯದ ಚೀಟಿಯನ್ನೂ ಹೃದಯ ವೈದ್ಯರಿಗೆ ಮನಸ್ಸಿನ ಚೀಟಿಯನ್ನೂ ತೋರಿಸಬೇಕು.

ಕರ್ನಾಟಕದಲ್ಲಿಯೂ ಈ ದಿಕ್ಕಿನಲ್ಲಿ ಕೆಲಸ ನಡೆದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಕೆ. ಶ್ರೀನಿವಾಸನ್ ಮತ್ತು ಸಂಗಡಿಗರು ರಾಮನಗರ ಭಾಗದ ಹಳ್ಳಿಗಳಲ್ಲಿ ಒಂದು ಪ್ರಯೋಗ ಕೈಗೊಂಡರು. ಖಿನ್ನತೆ ಅಥವಾ ಆತಂಕದ ಜೊತೆಗೆ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳೂ ಇದ್ದವರಿಗೆ ಎರಡು ಊರು ಅಲೆಯದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡುವುದು ಅದರ ತಿರುಳು. ಇದಕ್ಕೂ ಮೊದಲೇ, 1980ರ ದಶಕದಲ್ಲಿ, ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು ಹಳ್ಳಿಯ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಸಾಧ್ಯವೆಂದು ತೋರಿಸಿತ್ತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಎಲ್ಲಿ ಹೋಗಬೇಕು, ಏನು ಮಾಡಬೇಕು?

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ಸರ್ಕಾರದ ತಾಲ್ಲೂಕು ಆಸ್ಪತ್ರೆಗಳಿವೆ. ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೇ ಕರೆತರುವುದು 2014ರಲ್ಲಿ ರಾಜ್ಯದಲ್ಲಿ ಆರಂಭವಾದ 'ಮನೋಚೈತನ್ಯ' ಕಾರ್ಯಕ್ರಮದ ಉದ್ದೇಶ. ಯಾವ ದಿನ ಬರುತ್ತಾರೆಂದು ಆಸ್ಪತ್ರೆಯಲ್ಲಿ ಅಥವಾ ಊರಿನ ಆಶಾ ಕಾರ್ಯಕರ್ತೆಯಲ್ಲಿ ಕೇಳಿ ತಿಳಿಯಬಹುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ಮನೆಯಿಂದ ಹೊರಡಲಾಗದಿದ್ದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ 'ಟೆಲಿ ಮಾನಸ್' ಉಚಿತ ದೂರವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರು ನೆನಪಿಡಬೇಕಾದ ಕೆಲವು ಸಂಗತಿಗಳು:

* ಎರಡು ವಾರ ದಾಟಿದ ಸುಸ್ತನ್ನು ಟಾನಿಕ್ ಕುಡಿದು ಮುಚ್ಚಿಡಬೇಡಿ. ವೈದ್ಯರಿಗೆ ದಮ್ಮು, ಕಾಲೂತ, ನಿದ್ದೆ, ಮನಸ್ಸು, ನಾಲ್ಕನ್ನೂ ಹೇಳಿ.

* ಹೃದಯ ವೈಫಲ್ಯ ಇದ್ದವರು ದಿನಾ ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಲಿ. ಬರೆಯುವ ಕೆಲಸ ಮನೆಯ ವಿದ್ಯಾರ್ಥಿಯದಾಗಲಿ.

* ಉಪ್ಪು ದೇಹದಲ್ಲಿ ನೀರು ನಿಲ್ಲಿಸುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ನಾಲಿಗೆಗೆ ಎಷ್ಟೇ ಹಿತವಾದರೂ ಸವಣೂರಿನ ಖಾರಾ, ಇವು ದುರ್ಬಲ ಹೃದಯದವರಿಗೆ ದೂರವೇ ಇರಲಿ.

* ಹೃದಯದ ಗುಳಿಗೆಯಾಗಲಿ ಖಿನ್ನತೆಯ ಗುಳಿಗೆಯಾಗಲಿ, ಹಗುರವಾಯಿತೆಂದು ತಾವಾಗಿ ನಿಲ್ಲಿಸಬಾರದು. ಖಿನ್ನತೆಯ ಗುಳಿಗೆ ಗುಣ ತೋರಿಸಲು ಕೆಲವು ವಾರಗಳು ಬೇಕು.

* "ಧೈರ್ಯ ತಗೋ", "ಎಲ್ಲಾ ನಿನ್ನ ತಲೆಯೊಳಗಿಂದು" ಎಂಬ ಮಾತುಗಳಿಂದ ಉಪಯೋಗವಿಲ್ಲ. ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ, ಸಂಜೆ ಜೊತೆಗೆ ನಾಲ್ಕು ಹೆಜ್ಜೆ ನಡೆಯಿರಿ.

* ಬದುಕು ಬೇಡವೆಂಬ ಮಾತು ಬಂದರೆ ಅದನ್ನು ಎಂದೂ ಹಗುರವಾಗಿ ಕಾಣಬೇಡಿ. ಒಂಟಿಯಾಗಿ ಬಿಡದೆ, ಹೊಲಕ್ಕೆ ಹೊಡೆಯುವ ಔಷಧಿಯನ್ನು ಕೈಗೆ ಸಿಗದಂತೆ ಮಾಡಿ, ಅದೇ ದಿನ ವೈದ್ಯರನ್ನು ಕಾಣಿ. ತುರ್ತಾದರೆ, ಎದೆನೋವು ಅಥವಾ ತೀವ್ರ ಉಬ್ಬಸ ಬಂದರೂ, 108ಕ್ಕೆ ಕರೆ ಮಾಡಿ.

ಮಾಡಿ ನೋಡಿ

ವಿದ್ಯಾರ್ಥಿಗಳಿಗೆ ಒಂದು ಸರಳ ಪ್ರಯೋಗ. ಐದು ನಿಮಿಷ ಸುಮ್ಮನೆ ಕುಳಿತು, ಮಣಿಕಟ್ಟಿನ ಹೆಬ್ಬೆರಳಿನ ಬದಿಯಲ್ಲಿ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ಮೊದಲು ಒಂದು ನಿಮಿಷ ಎಣಿಸಿ. ಆಮೇಲೆ ಐದು ಎಣಿಸುವಷ್ಟು ಹೊತ್ತು ಉಸಿರು ಒಳಗೆಳೆದು, ಐದು ಎಣಿಸುವಷ್ಟು ಹೊತ್ತು ಹೊರಗೆ ಬಿಡುತ್ತ ನಾಡಿಯನ್ನು ಗಮನಿಸಿ. ಒಳಗೆಳೆದಾಗ ನಾಡಿ ಸ್ವಲ್ಪ ಚುರುಕಾಗಿ, ಹೊರಬಿಟ್ಟಾಗ ಸ್ವಲ್ಪ ನಿಧಾನವಾಗುವುದು ತಿಳಿಯುತ್ತದೆ. ಇದು ದೋಷವಲ್ಲ. ವೇಗಸ್ ನರ ಹೃದಯದ ಲಗಾಮನ್ನು ಎಳೆದು ಬಿಡುತ್ತಿರುವುದರ ಗುರುತು. ಎಳೆಯರಲ್ಲಿ ಈ ಏರಿಳಿತ ಚೆನ್ನಾಗಿ ಕಾಣುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಖಿನ್ನತೆ ಇದ್ದವರಲ್ಲಿಯೂ ಸರಾಸರಿಯಲ್ಲಿ ಕಡಿಮೆ ಎಂದು ಯಂತ್ರಗಳಿಂದ ಅಳೆದ ಅಧ್ಯಯನಗಳು ಹೇಳಿವೆ. ಬೆರಳಿನ ಅಳತೆಯಿಂದ ಯಾರಿಗೂ ಕಾಯಿಲೆ ಇದೆ, ಇಲ್ಲ ಎಂದು ಹೇಳಲಾಗದು. ಆದರೆ ಮಿದುಳಿನಿಂದ ಎದೆಗೆ ತಂತಿ ಎಳೆದಿದೆ ಎಂಬುದನ್ನು ಮಾತ್ರ ನಿಮ್ಮ ಬೆರಳೇ ನಿಮಗೆ ಹೇಳುತ್ತದೆ.

ಬಿಪಿ ಅಳೆಯಲು ಪಟ್ಟಿ ಇದೆ, ಸಕ್ಕರೆ ಅಳೆಯಲು ಒಂದು ಹನಿ ರಕ್ತ ಸಾಕು. ಮನಸ್ಸನ್ನು ಅಳೆಯಲು ಇಂದಿಗೂ ಇರುವ ಮೊದಲ ಉಪಕರಣ ಒಂದು ಪ್ರಶ್ನೆ. ಅಪ್ಪ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರೆ, ಅವ್ವ ಒಲೆಯ ಮುಂದೆ ಮಾತು ನಿಲ್ಲಿಸಿದ್ದರೆ, ಕಾಲು ಊದಿದೆಯೇ ಎಂದು ನೋಡಿದ ಮಕ್ಕಳು ಮನಸ್ಸು ಹೇಗಿದೆ ಎಂದೂ ಕೇಳಲಿ. ಅದಕ್ಕೆ ಪದವಿ ಬೇಕಿಲ್ಲ, ಹಣವೂ ಬೇಕಿಲ್ಲ.